ಸಿಕ್ಸ್ತ್ ಫಾರ್ಮಿನ ಇಂಗ್ಲಿಷ್: ಓದನ್ನು ಪರೀಕ್ಷೆಗೆ ಒಡ್ಡಿದ ಚರಿತ್ರೆ

ಇಂಗ್ಲೆಂಡಿನ ಶಾಲೆಗಳಲ್ಲಿ 16ರಿಂದ 18ರ ವಯಸ್ಸಿನ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಹೊಸ್ತಿಲಲ್ಲಿ ಕಳೆಯುವ ಎರಡು ವರ್ಷಗಳ ಅವಧಿಯನ್ನು ‘ಸಿಕ್ಸ್ತ್ ಫಾರ್ಮ್’ ಎಂದೂ, ಆ ಅವಧಿಯ ಕೊನೆಗೆ ಬರುವ ಸಾರ್ವತ್ರಿಕ ಪರೀಕ್ಷೆಯನ್ನು ‘ಎ ಲೆವೆಲ್’ ಎಂದೂ ಕರೆಯುವುದು ರೂಢಿ. ಕರ್ನಾಟಕದ ಪದವಿಪೂರ್ವ ಶಿಕ್ಷಣಕ್ಕೂ ಇದಕ್ಕೂ ವಯಸ್ಸಿನ ಹೋಲಿಕೆ ಇದೆಯೇ ಹೊರತು ಸ್ವರೂಪದ ಹೋಲಿಕೆ ಕಡಿಮೆ. ಪಿಯುಸಿಯಲ್ಲಿ ಎರಡು ಭಾಷೆಗಳೂ ನಾಲ್ಕು ಐಚ್ಛಿಕ ವಿಷಯಗಳೂ ಇದ್ದರೆ, ಸಿಕ್ಸ್ತ್ ಫಾರ್ಮಿನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಹಿಡಿದು ಅವುಗಳ ಆಳಕ್ಕೆ ಇಳಿಯುತ್ತಾರೆ. ಇಂಗ್ಲಿಷ್ ಅಲ್ಲಿ ಎಲ್ಲರೂ ಓದಲೇಬೇಕಾದ ಭಾಷೆಯಲ್ಲ, ಬೇಕೆಂದವರು ಆರಿಸಿಕೊಳ್ಳುವ ಒಂದು ವಿಷಯ. ಆ ಆಯ್ಕೆಯಲ್ಲೂ ಇಂದು ಮೂರು ಕವಲುಗಳಿವೆ: ಇಂಗ್ಲಿಷ್ ಸಾಹಿತ್ಯ ಒಂದು, ಇಂಗ್ಲಿಷ್ ಭಾಷೆ ಇನ್ನೊಂದು, ಎರಡನ್ನೂ ಹೆಣೆದ ಭಾಷೆ-ಸಾಹಿತ್ಯ ಮತ್ತೊಂದು. ತಾಯ್ನುಡಿಯ ಓದು ಹೀಗೆ ಮೂರಾಗಿ ಒಡೆದುಕೊಂಡದ್ದು ಆಡಳಿತದ ಅನುಕೂಲಕ್ಕಾಗಿ ಅಲ್ಲ. ಮನೆಯಲ್ಲೇ ಬರುವ ನುಡಿಯನ್ನು, ಬಿಡುವಿನಲ್ಲಿ ಯಾರಾದರೂ ಓದಬಹುದಾದ ಕಾವ್ಯ ಕಾದಂಬರಿಗಳನ್ನು ಒಂದು ಶಾಸ್ತ್ರವೆಂಬಂತೆ ಕಲಿಸಬಹುದೆ, ಕಲಿಸಿದರೆ ಅದಕ್ಕೆ ಅಂಕ ಹಾಕುವುದು ಹೇಗೆ ಎಂಬ ಪ್ರಶ್ನೆ ಒಂದೂವರೆ ಶತಮಾನದಿಂದ ಇತ್ಯರ್ಥವಾಗದೆ ಉಳಿದಿರುವುದರ ಫಲ ಅದು. ಪ್ರಶ್ನೆಪತ್ರಿಕೆ ಬದಲಾದಾಗಲೆಲ್ಲ ‘ಓದು’ ಎಂಬ ಮಾತಿನ ಅರ್ಥವೂ ಬದಲಾಗಿದೆ ಎಂಬುದೇ ಈ ವಿಷಯದ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ.

‘ಫಾರ್ಮ್’ ಎಂಬುದು ಇಂಗ್ಲೆಂಡಿನ ಹಳೆಯ ಶಾಲೆಗಳಲ್ಲಿ ತರಗತಿಗೆ ಇದ್ದ ಹೆಸರು. ಮೊದಲನೆಯದರಿಂದ ಆರನೆಯದರವರೆಗೆ ಏರುತ್ತಿದ್ದ ಈ ತರಗತಿಗಳಲ್ಲಿ ಆರನೆಯದು ಶಾಲೆಯ ತುತ್ತತುದಿ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಹಿರಿಯರು ‘ಫೋರ್ತ್ ಫಾರಂ’, ‘ಸಿಕ್ಸ್ತ್ ಫಾರಂ’ ಎಂದು ತಮ್ಮ ಓದಿನ ಲೆಕ್ಕ ಹೇಳುತ್ತಿದ್ದುದು ಇದೇ ಪದ್ಧತಿಯ ನೆರಳು. ಆದರೆ ಅಲ್ಲಿ ಆರನೆಯ ಫಾರಂ ಎಂದರೆ ಎಸ್‌ಎಸ್‌ಎಲ್‌ಸಿ ಕಟ್ಟುವ ತರಗತಿ, ಪ್ರೌಢಶಾಲೆಯ ಕೊನೆ. ಇಂಗ್ಲೆಂಡಿನಲ್ಲಿ ಆ ಪದಕ್ಕೆ ವಿಶೇಷ ಗೌರವ ಬಂದದ್ದು 1828ರಿಂದ 1842ರವರೆಗೆ ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಲ್ಡ್ ಅವರ ಕಾಲದಲ್ಲಿ. ಮೇಲಿನ ತರಗತಿಯ ಹುಡುಗರಿಗೆ ಶಾಲೆಯ ಶಿಸ್ತಿನ ಹೊಣೆಯನ್ನು ಒಪ್ಪಿಸಿ, ಅವರಿಗೆ ತಾವೇ ಪಾಠ ಹೇಳಿ, ಸಿಕ್ಸ್ತ್ ಫಾರ್ಮ್ ಎಂದರೆ ಕೇವಲ ಹಿರಿಯ ತರಗತಿಯಲ್ಲ, ಗುರುವಿನೊಡನೆ ಹೆಚ್ಚುಕಡಿಮೆ ಸಮನಾಗಿ ಕುಳಿತು ವಿಚಾರಮಾಡುವ ಒಂದು ಪುಟ್ಟ ಬಳಗ ಎಂಬ ಕಲ್ಪನೆಯನ್ನು ಅವರು ಬೇರೂರಿಸಿದರು. ಆ ಬಳಗ ಓದುತ್ತಿದ್ದುದು ಮಾತ್ರ ಇಂಗ್ಲಿಷನ್ನಲ್ಲ, ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳನ್ನು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಸಂಸ್ಕೃತದ ಪಾಠಶಾಲೆಯಲ್ಲಿ ಕನ್ನಡ ಕಾವ್ಯಕ್ಕೆ ಎಂಥ ಸ್ಥಾನವಿತ್ತೋ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಇಂಗ್ಲೆಂಡಿನ ಪ್ರತಿಷ್ಠಿತ ಶಾಲೆಗಳಲ್ಲಿ ಇಂಗ್ಲಿಷ್ ಕಾವ್ಯಕ್ಕೂ ಹೆಚ್ಚುಕಡಿಮೆ ಅಂಥದೇ ಸ್ಥಾನವಿತ್ತು. ಈಟನ್, ಹ್ಯಾರೋ, ರಗ್ಬಿ ಮೊದಲಾದ ಒಂಬತ್ತು ಶಾಲೆಗಳನ್ನು ಪರಿಶೀಲಿಸಲು 1861ರಲ್ಲಿ ನೇಮಕವಾಗಿ 1864ರಲ್ಲಿ ವರದಿ ಕೊಟ್ಟ ಕ್ಲಾರೆಂಡನ್ ಆಯೋಗ, ವಿದ್ಯಾರ್ಥಿಗಳ ಸಮಯದ ಬಹುಪಾಲನ್ನು ಪ್ರಾಚೀನ ಭಾಷೆಗಳು ನುಂಗಿಹಾಕುತ್ತಿದ್ದುದನ್ನು ಕಂಡಿತು. ಷೇಕ್ಸ್‌ಪಿಯರನನ್ನು ಹುಡುಗರು ಓದುತ್ತಿರಲಿಲ್ಲವೆಂದಲ್ಲ. ರಜೆಯಲ್ಲಿ, ಮನೆಯ ಗ್ರಂಥಭಂಡಾರದಲ್ಲಿ, ಸಂತೋಷಕ್ಕಾಗಿ ಓದುತ್ತಿದ್ದರು, ಹಾಗೆ ಓದುವುದೇ ಸರಿಯಾದ ಕ್ರಮವೆಂದು ಅವರ ಗುರುಗಳೂ ನಂಬಿದ್ದರು. ಕಷ್ಟಪಟ್ಟು ಬಿಡಿಸಬೇಕಾದ ಗಂಟು ಇದ್ದರೆ ಮಾತ್ರ ಅದು ವಿದ್ಯೆ, ಸುಲಭವಾಗಿ ಅರ್ಥವಾಗುವುದು ವಿನೋದ ಎಂಬ ಆ ಧೋರಣೆ ಮುಂದೆ ಇಂಗ್ಲಿಷ್ ವಿಷಯವಾಗಿ ಒಳಹೊಕ್ಕ ಮೇಲೂ ಅದನ್ನು ಬೆನ್ನಟ್ಟಿಕೊಂಡೇ ಬಂದಿತು. ಆರ್ನಲ್ಡರ ಮಗ, ಕವಿ ಮ್ಯಾಥ್ಯೂ ಆರ್ನಲ್ಡ್, 1851ರಿಂದ 1886ರವರೆಗೆ ಶಾಲಾ ತನಿಖಾಧಿಕಾರಿಯಾಗಿ ಬಡಮಕ್ಕಳ ಪ್ರಾಥಮಿಕ ಶಾಲೆಗಳನ್ನು ಸುತ್ತುತ್ತ, ಒಳ್ಳೆಯ ಇಂಗ್ಲಿಷ್ ಕವಿತೆಗಳನ್ನು ಬಾಯಿಪಾಠ ಮಾಡಿಸಬೇಕೆಂದು ವರದಿಯ ಮೇಲೆ ವರದಿಯಲ್ಲಿ ಒತ್ತಾಯಿಸಿದರು. ತಂದೆ ಕಟ್ಟಿದ ಸಿಕ್ಸ್ತ್ ಫಾರ್ಮಿಗೆ ಮಗ ಬಯಸಿದ ಕಾವ್ಯ ಬಂದು ಸೇರಲು ಇನ್ನೂ ಎರಡು ತಲೆಮಾರು ಕಾಯಬೇಕಾಯಿತು.

ಇಂಗ್ಲಿಷ್ ಸಾಹಿತ್ಯವು ತನ್ನ ನಾಡಿನ ಪ್ರತಿಷ್ಠಿತ ಶಾಲೆಗಳಲ್ಲಿ ವಿಷಯವಾಗುವ ಮೊದಲೇ ಭಾರತದಲ್ಲಿ ವಿಷಯವಾಗಿತ್ತು ಎಂಬುದು ಈ ಚರಿತ್ರೆಯ ಅತ್ಯಂತ ಮಹತ್ವದ ಅಂಶ. 1817ರಲ್ಲಿ ಸ್ಥಾಪನೆಯಾದ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಹದಿಹರೆಯದ ಹುಡುಗರು ಷೇಕ್ಸ್‌ಪಿಯರ್, ಮಿಲ್ಟನ್, ಪೋಪ್, ಬೇಕನ್ ಇವರ ಕೃತಿಗಳನ್ನು ನಿಗದಿತ ಪಠ್ಯಗಳಾಗಿ ಓದಿ ಬರೆಹದ ಪರೀಕ್ಷೆಗೆ ಕೂರುತ್ತಿದ್ದರು. ಅಲ್ಲಿ ಪಾಠ ಹೇಳುತ್ತಿದ್ದ ಡಿ. ಎಲ್. ರಿಚರ್ಡ್‌ಸನ್ ಇಂಗ್ಲಿಷ್ ಕವಿಗಳ ದೊಡ್ಡದೊಂದು ಸಂಕಲನವನ್ನೇ 1840ರಲ್ಲಿ ಸಿದ್ಧಪಡಿಸಿದರು. 1835ರಲ್ಲಿ ಮೆಕಾಲೆಯ ಟಿಪ್ಪಣಿಯನ್ನು ಅನುಸರಿಸಿ ಸರ್ಕಾರದ ಹಣ ಇಂಗ್ಲಿಷ್ ಶಿಕ್ಷಣದ ಕಡೆಗೆ ಹರಿಯತೊಡಗಿ, 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಆ ಶಿಕ್ಷಣ ಪಡೆದವರಿಗೆ ಸರ್ಕಾರಿ ಕೆಲಸಗಳಲ್ಲಿ ಆದ್ಯತೆ ಘೋಷಿಸಿದ ಮೇಲೆ, ಕಾವ್ಯದ ಪರೀಕ್ಷೆಗೂ ಜೀವನೋಪಾಯಕ್ಕೂ ನೇರ ನಂಟು ಬೆಳೆಯಿತು. ವಿದ್ವಾಂಸೆ ಗೌರಿ ವಿಶ್ವನಾಥನ್ 1989ರ ತಮ್ಮ ಗ್ರಂಥದಲ್ಲಿ, ಇಂಗ್ಲಿಷ್ ಸಾಹಿತ್ಯವೆಂಬ ಪಠ್ಯವಿಷಯ ವಸಾಹತಿನ ಆಡಳಿತದ ಅಗತ್ಯಗಳಿಂದ ರೂಪುಗೊಂಡದ್ದನ್ನೂ, ಧರ್ಮಬೋಧೆ ಮಾಡಲಾಗದ ಕಡೆ ನೀತಿಬೋಧೆಯ ಕೆಲಸವನ್ನು ಕಾವ್ಯಕ್ಕೆ ವಹಿಸಿದ್ದನ್ನೂ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ. ಈ ವಾದವನ್ನು ಒಪ್ಪುವಾಗ ಒಂದು ತಿದ್ದುಪಡಿಯೂ ಅಗತ್ಯ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹ್ಯೂ ಬ್ಲೇರ್ 1762ರಿಂದಲೇ ವಾಗ್ಮಿತೆ ಮತ್ತು ಸಾಹಿತ್ಯದ ಪ್ರಾಧ್ಯಾಪಕರಾಗಿದ್ದರು. ಆಂಗ್ಲಿಕನ್ ಚರ್ಚಿಗೆ ಸೇರದವರು ಇಂಗ್ಲೆಂಡಿನಲ್ಲಿ ನಡೆಸುತ್ತಿದ್ದ ಅಕಾಡೆಮಿಗಳಲ್ಲೂ ಇಂಗ್ಲಿಷ್ ಬರೆಹಗಳ ಪಾಠ ನಡೆಯುತ್ತಿತ್ತು. ಅಧಿಕಾರದ ಕೇಂದ್ರದಿಂದ ದೂರವಿದ್ದವರು, ಆ ಕೇಂದ್ರದ ನುಡಿಯನ್ನು ದುಡಿದು ಗಳಿಸಬೇಕಾಗಿದ್ದವರು ಮೊದಲು ಇಂಗ್ಲಿಷನ್ನು ವಿಷಯವಾಗಿ ಓದಿದರು ಎಂದರೆ ಸ್ಕಾಟರೂ ಬಂಗಾಳಿಗಳೂ ಒಂದೇ ಚೌಕಟ್ಟಿನೊಳಗೆ ಬರುತ್ತಾರೆ.

ಇಂಗ್ಲೆಂಡಿನೊಳಗೆ ಇಂಥ ಮತ್ತೊಂದು ಗುಂಪೆಂದರೆ ಹೆಣ್ಣುಮಕ್ಕಳು. ಗ್ರೀಕ್ ಲ್ಯಾಟಿನ್‌ಗಳ ಪಾಠದಿಂದ ಬಹುಮಟ್ಟಿಗೆ ಹೊರಗುಳಿದಿದ್ದ ಅವರಿಗೆ ಇಂಗ್ಲಿಷ್ ಸಾಹಿತ್ಯ ಉನ್ನತ ವಿದ್ಯೆಯ ಬಾಗಿಲಾಯಿತು. ಶಾಲೆಗಳ ಮಟ್ಟವನ್ನು ಅಳೆಯಲು ಕೇಂಬ್ರಿಜ್ ವಿಶ್ವವಿದ್ಯಾಲಯ 1858ರಲ್ಲಿ ‘ಲೋಕಲ್’ ಎಂಬ ಹೆಸರಿನ ಪರೀಕ್ಷೆಗಳನ್ನು, ಅಂದರೆ ಊರೂರಿನ ಕೇಂದ್ರಗಳಲ್ಲಿ ನಡೆಯುವ ಪರೀಕ್ಷೆಗಳನ್ನು ಆರಂಭಿಸಿತು. 1863ರಲ್ಲಿ ಪ್ರಯೋಗವಾಗಿಯೂ 1865ರಿಂದ ವಿಧ್ಯುಕ್ತವಾಗಿಯೂ ಹುಡುಗಿಯರಿಗೆ ಅವುಗಳಲ್ಲಿ ಪ್ರವೇಶ ದೊರೆಯಿತು. ಮುಂದೆ ಬೆಂಗಳೂರು ದಂಡಿನ ಶಾಲೆಗಳಲ್ಲಿ ‘ಸೀನಿಯರ್ ಕೇಂಬ್ರಿಜ್’ ಎಂದು ಮನೆಮಾತಾದದ್ದು ಇದೇ ವಂಶದ ಪರೀಕ್ಷೆ. ಈ ಪರೀಕ್ಷೆಗಳಲ್ಲಿ ಸಾಹಿತ್ಯವನ್ನು ಅಳೆಯುತ್ತಿದ್ದ ಬಗೆಯನ್ನು ಕನ್ನಡ ವಿದ್ಯಾರ್ಥಿಗಳಿಗೆ ವಿವರಿಸಿ ಹೇಳಬೇಕಾಗಿಲ್ಲ, ಏಕೆಂದರೆ ‘ಸಂದರ್ಭಸಹಿತ ವಿವರಿಸಿ’ ಎಂಬ ಪ್ರಶ್ನೆಯನ್ನು ಅವರು ಚಿಕ್ಕಂದಿನಿಂದ ಬಲ್ಲರು. ನಾಟಕದ ಒಂದು ಸಾಲನ್ನು ಕೊಟ್ಟು ಅದನ್ನು ಯಾರು ಯಾರಿಗೆ ಹೇಳಿದರೆಂದು ಕೇಳುವುದು, ಬಳಕೆ ತಪ್ಪಿದ ಪದದ ಅರ್ಥವನ್ನೂ ವ್ಯುತ್ಪತ್ತಿಯನ್ನೂ ಬರೆಸುವುದು, ಪದ್ಯವನ್ನು ಗದ್ಯಕ್ಕೆ ಇಳಿಸುವುದು ಇವೇ ಮುಖ್ಯವಾಗಿದ್ದವು. ಇಂಥ ಪ್ರಶ್ನೆಗೆ ತಕ್ಕಂತೆ ಟಿಪ್ಪಣಿ ತುಂಬಿದ ಶಾಲಾ ಆವೃತ್ತಿಗಳು ಬಂದವು. ಕೇಂಬ್ರಿಜ್‌ನ ಎ. ಡಬ್ಲ್ಯು. ವೆರಿಟಿ ಸಂಪಾದಿಸಿದ ಷೇಕ್ಸ್‌ಪಿಯರ್ ನಾಟಕಗಳ ಪುಸ್ತಕಗಳಲ್ಲಿ ಪಠ್ಯದಷ್ಟೇ ಜಾಗವನ್ನು ಟಿಪ್ಪಣಿಗಳೂ ಪದಕೋಶವೂ ಹಿಡಿಯುತ್ತಿದ್ದವು, ಮತ್ತು ಭಾರತದ ಕಾಲೇಜುಗಳಲ್ಲಿ ಆ ಪುಸ್ತಕಗಳು ತಲೆಮಾರುಗಳ ಕಾಲ ಕೈಯಿಂದ ಕೈಗೆ ಸಾಗಿದವು. ಇವುಗಳನ್ನು ಹೀಗಳೆಯುವುದು ಸುಲಭ. ಆದರೆ ಲಂಡನ್ನಿನಿಂದ ಸಾವಿರಾರು ಮೈಲಿ ದೂರದಲ್ಲಿ, ನಾಟಕವನ್ನು ರಂಗದ ಮೇಲೆ ಕಾಣುವ ಅವಕಾಶವೇ ಇಲ್ಲದ ವಿದ್ಯಾರ್ಥಿಗೆ, ನಂಬಬಹುದಾದ ಗುರುವಿನಂತೆ ಆ ಟಿಪ್ಪಣಿಗಳು ಒದಗಿದವೆಂಬುದನ್ನು ಮರೆಯಬಾರದು. ಪಾಲ್‌ಗ್ರೇವ್ 1861ರಲ್ಲಿ ಹೊರತಂದ ಭಾವಗೀತೆಗಳ ಸಂಕಲನವೂ ಹೀಗೆಯೇ ಪಠ್ಯಪುಸ್ತಕವಾಗಿ ಬಂದು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ ಕೈಯಲ್ಲಿ ‘ಇಂಗ್ಲಿಷ್ ಗೀತಗಳು’ ಆಗಿ ಮರುಹುಟ್ಟು ಪಡೆದು, ಕನ್ನಡ ಕಾವ್ಯದ ಹಾದಿಯನ್ನೇ ತಿರುಗಿಸಿತು.

ವಿಶ್ವವಿದ್ಯಾಲಯಗಳಲ್ಲಿ ನಡೆದ ಜಗಳ ಶಾಲೆಯ ಮೇಲೆ ಎಷ್ಟು ದೀರ್ಘವಾದ ನೆರಳು ಬೀರಿತೆಂದರೆ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1880ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷನ್ನು ಪದವಿ ವಿಷಯವಾಗಿಸುವ ಪ್ರಸ್ತಾಪ ಬಂದಾಗ ಇತಿಹಾಸದ ಪ್ರಾಧ್ಯಾಪಕ ಎಡ್ವರ್ಡ್ ಫ್ರೀಮನ್ ಅದನ್ನು ಬಲವಾಗಿ ವಿರೋಧಿಸಿದರು. ಅಭಿರುಚಿಯನ್ನು ಪರೀಕ್ಷಿಸಲಾಗದು, ಭಾಷೆಯ ಕಠಿಣ ಅಧ್ಯಯನವಿಲ್ಲದ ಸಾಹಿತ್ಯಪಾಠವೆಂದರೆ ಕವಿಗಳ ಸಂಸಾರದ ಹರಟೆಯಾಗಿಬಿಡುತ್ತದೆ ಎಂಬುದು ಅವರ ಆಕ್ಷೇಪ. 1885ರಲ್ಲಿ ಅಲ್ಲಿ ‘ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯ’ದ ಮರ್ಟನ್ ಪೀಠಕ್ಕೆ ನೇಮಕಗೊಂಡದ್ದು ಸಾಹಿತ್ಯವಿಮರ್ಶಕರಲ್ಲ, ಎ. ಎಸ್. ನೇಪಿಯರ್ ಎಂಬ ಭಾಷಾಶಾಸ್ತ್ರಜ್ಞರು, ಅಂದರೆ ಪದಗಳ ಹುಟ್ಟು ಬೆಳವಣಿಗೆಗಳನ್ನು ಹಳೆಯ ಗ್ರಂಥಗಳ ಮೂಲಕ ಶೋಧಿಸುವ ವಿದ್ವಾಂಸರು. ಇದರಿಂದ ಕೆರಳಿದ ಜಾನ್ ಚರ್ಟನ್ ಕಾಲಿನ್ಸ್ 1891ರಲ್ಲಿ ಒಂದು ಪುಸ್ತಕವನ್ನೇ ಬರೆದು ಸಾಹಿತ್ಯದ ಪರವಾಗಿ ವಾದಿಸಿದರು. 1893-94ರಲ್ಲಿ ಆಕ್ಸ್‌ಫರ್ಡಿನ ಇಂಗ್ಲಿಷ್ ವಿಭಾಗ ಹುಟ್ಟಿದಾಗ ಆಂಗ್ಲೋ-ಸ್ಯಾಕ್ಸನ್ ಎಂಬ ಸಾವಿರ ವರ್ಷ ಹಿಂದಿನ ಇಂಗ್ಲಿಷ್ ಅದರ ಬೆನ್ನೆಲುಬಾಯಿತು. ಕನ್ನಡ ಎಂ.ಎ. ತರಗತಿಯಲ್ಲಿ ಹಳಗನ್ನಡ ವ್ಯಾಕರಣ, ಛಂದಸ್ಸು, ಶಾಸನಗಳಿಗೂ ಆಧುನಿಕ ಕಾವ್ಯಕ್ಕೂ ನಡುವೆ ಇರುವ ಎಳೆದಾಟವನ್ನು ಬಲ್ಲವರಿಗೆ ಈ ಸಂದರ್ಭದ ಬಿಗುವು ಚೆನ್ನಾಗಿ ತಿಳಿಯುತ್ತದೆ. ‘ಭಾಷೆ’ ಎಂದರೆ ಪರೀಕ್ಷೆಗೆ ಒಗ್ಗುವ ಗಟ್ಟಿ ಜ್ಞಾನ, ‘ಸಾಹಿತ್ಯ’ ಎಂದರೆ ಮೃದುವಾದ ರುಚಿ ಎಂಬ ವಿಭಜನೆ ಇಲ್ಲಿ ಹುಟ್ಟಿ, ನೂರು ವರ್ಷಗಳ ನಂತರ ಸಿಕ್ಸ್ತ್ ಫಾರ್ಮಿನಲ್ಲಿ ಬೇರೆ ರೂಪದಲ್ಲಿ ತಲೆಯೆತ್ತಿತು.

ಶಾಲೆಗಳ ಕಡೆಯಿಂದ ನೋಡಿದರೆ 1904ರ ಪ್ರೌಢಶಾಲಾ ನಿಯಮಾವಳಿ ಮುಖ್ಯವಾದದ್ದು. ಸರ್ಕಾರದ ನೆರವು ಪಡೆಯುವ ಶಾಲೆಗಳಲ್ಲಿ ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯವನ್ನು ಅದು ಕಡ್ಡಾಯ ಮಾಡಿತು. 1917ರಲ್ಲಿ ಸ್ಥಾಪಿತವಾದ ಪರೀಕ್ಷಾ ಸಮಿತಿಯ ಅಡಿಯಲ್ಲಿ ಮರುವರ್ಷವೇ ಎರಡು ಸಾರ್ವತ್ರಿಕ ಪರೀಕ್ಷೆಗಳು ರೂಢಿಗೆ ಬಂದವು: 16ರ ವಯಸ್ಸಿಗೆ ಸ್ಕೂಲ್ ಸರ್ಟಿಫಿಕೇಟ್, 18ಕ್ಕೆ ಹೈಯರ್ ಸ್ಕೂಲ್ ಸರ್ಟಿಫಿಕೇಟ್. ಸಿಕ್ಸ್ತ್ ಫಾರ್ಮಿನ ಓದಿಗೆ ಇಡೀ ದೇಶ ಒಪ್ಪುವ ಒಂದು ಗುರಿ ದೊರೆತದ್ದು ಈ ಎರಡನೆಯ ಪರೀಕ್ಷೆಯಿಂದ. ಅದೇ ಹೊತ್ತಿನಲ್ಲಿ ಮೊದಲನೆಯ ಮಹಾಯುದ್ಧದ ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ದೇಶ ತನ್ನ ನುಡಿಯ ಕಡೆಗೆ ಹೊಸ ಭಕ್ತಿಯಿಂದ ತಿರುಗಿ ನೋಡಿತು. ಕವಿ ಹೆನ್ರಿ ನ್ಯೂಬೋಲ್ಟ್ ಅಧ್ಯಕ್ಷತೆಯ ಸಮಿತಿ 1921ರಲ್ಲಿ ಕೊಟ್ಟ ವರದಿ, ವರ್ಗಗಳಾಗಿ ಒಡೆದ ಸಮಾಜವನ್ನು ಒಂದಾಗಿಸುವ ಶಕ್ತಿ ಇಂಗ್ಲಿಷ್ ಸಾಹಿತ್ಯಕ್ಕಿದೆ, ಗ್ರೀಕ್ ಲ್ಯಾಟಿನ್‌ಗಳು ಕೆಲವರಿಗಷ್ಟೇ ಕೊಟ್ಟ ಸಂಸ್ಕಾರವನ್ನು ಅದು ಎಲ್ಲರಿಗೂ ಕೊಡಬಲ್ಲುದು ಎಂಬ ನಂಬಿಕೆಯನ್ನು ಪ್ರತಿಪಾದಿಸಿತು. ನಂಬಿಕೆ ಉದಾತ್ತವಾದದ್ದು, ಆದರೆ ಶಾಲೆ ಬಿಡುವ ವಯಸ್ಸು 14 ಆಗಿದ್ದ ಆ ಕಾಲದಲ್ಲಿ ಸಿಕ್ಸ್ತ್ ಫಾರ್ಮಿನವರೆಗೆ ತಲುಪುತ್ತಿದ್ದ ಮಕ್ಕಳು ತೀರ ಕೆಲವರು ಎಂಬ ವಾಸ್ತವವನ್ನು ಅದು ಬದಲಾಯಿಸಲಿಲ್ಲ.

ಓದುವ ಕ್ರಮವನ್ನೇ ಬದಲಾಯಿಸಿದ ಕ್ರಾಂತಿ ನಡೆದದ್ದು ಕೇಂಬ್ರಿಜ್‌ನಲ್ಲಿ. 1917ರಲ್ಲಿ ಅಲ್ಲಿ ಇಂಗ್ಲಿಷ್ ಪದವಿ ಸ್ವತಂತ್ರವಾಗಿ, ಆಂಗ್ಲೋ-ಸ್ಯಾಕ್ಸನ್‌ನ ಒತ್ತಾಯವಿಲ್ಲದೆ ಆರಂಭವಾಯಿತು. ಅಲ್ಲಿನ ಯುವ ಅಧ್ಯಾಪಕ ಐ. ಎ. ರಿಚರ್ಡ್ಸ್ ತಮ್ಮ ಶ್ರೋತೃಗಳಿಗೆ ಕವಿಯ ಹೆಸರನ್ನಾಗಲಿ ಕಾಲವನ್ನಾಗಲಿ ಹೇಳದೆ ಬರಿಯ ಕವಿತೆಗಳನ್ನು ಹಂಚಿ, ಅವರ ಪ್ರತಿಕ್ರಿಯೆಗಳನ್ನು ಬರೆಸಿಕೊಂಡು, ಅವುಗಳಲ್ಲಿದ್ದ ತಪ್ಪುಗ್ರಹಿಕೆಗಳನ್ನು ವರ್ಗೀಕರಿಸಿ 1929ರಲ್ಲಿ ಪ್ರಕಟಿಸಿದರು. 13 ಕವಿತೆಗಳ ಸುತ್ತ ನಡೆದ ಆ ಪ್ರಯೋಗ ಕಲಿತವರ ಓದಿನ ಬಡತನವನ್ನು ಬಯಲಿಗೆ ಹಾಕಿತು: ಹೆಸರಾಂತ ಕವಿಯ ರಚನೆಯನ್ನು ತಳ್ಳಿಹಾಕಿ ಸಾಧಾರಣ ಪದ್ಯವನ್ನು ಮೆಚ್ಚಿದವರು, ನೆನಪಿನಲ್ಲಿದ್ದ ಸಿದ್ಧ ಅಭಿಪ್ರಾಯವನ್ನು ಕವಿತೆಯ ಮೇಲೆ ಹೇರಿದವರು ಹಲವರಿದ್ದರು. ‘ಪ್ರಾಯೋಗಿಕ ವಿಮರ್ಶೆ’ ಎಂದು ಹೆಸರಾದ ಈ ಕ್ರಮ ಶಾಲೆಯ ಪರೀಕ್ಷೆಗೆ ಇಳಿದು ‘ಅನ್‌ಸೀನ್’ ಎಂಬ ಪ್ರಶ್ನೆಯಾಯಿತು, ಅಂದರೆ ಮೊದಲು ಕಂಡಿಲ್ಲದ ಕವಿತೆಯನ್ನೋ ಗದ್ಯಭಾಗವನ್ನೋ ಪರೀಕ್ಷಾ ಕೊಠಡಿಯಲ್ಲೇ ಓದಿ, ಅದರ ಮಾತಿನ ಕಟ್ಟು, ಲಯ, ಪ್ರತಿಮೆ, ದನಿಗಳನ್ನು ಕುರಿತು ಬರೆಯುವ ಪ್ರಶ್ನೆ. ಸಂದರ್ಭಸಹಿತ ವಿವರಣೆ ವಿದ್ಯಾರ್ಥಿಯ ನೆನಪನ್ನು ಕೇಳುತ್ತಿತ್ತು. ಅನ್‌ಸೀನ್ ಕೇಳುವುದು ಅವನ ಕಿವಿಯನ್ನು, ಎಚ್ಚರವನ್ನು. ಫ್ರೀಮನ್ ಎತ್ತಿದ್ದ ಆಕ್ಷೇಪಕ್ಕೆ ದೊರೆತ ಉತ್ತರಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ರಿಚರ್ಡ್ಸ್ ತೋರಿದ ಕ್ರಮಕ್ಕೆ ನೈತಿಕ ಆವೇಶವನ್ನು ತುಂಬಿದವರು ಎಫ್. ಆರ್. ಲೀವಿಸ್. 1932ರಿಂದ 1953ರವರೆಗೆ ನಡೆದ ‘ಸ್ಕ್ರೂಟಿನಿ’ ಪತ್ರಿಕೆಯ ಮೂಲಕ, ಜಾಹೀರಾತು ಮತ್ತು ಅಗ್ಗದ ಮನರಂಜನೆಯ ಯುಗದಲ್ಲಿ ಸೂಕ್ಷ್ಮವಾದ ಓದೇ ನಾಗರಿಕತೆಯ ಕಾವಲು ಎಂದು ಅವರ ಬಳಗ ಸಾರಿತು. ಡೆನಿಸ್ ಥಾಂಪ್ಸನ್ ಜೊತೆಗೂಡಿ ಲೀವಿಸ್ 1933ರಲ್ಲಿ ಬರೆದ ಕೈಪಿಡಿ ಶಾಲೆಗಳನ್ನೇ ಉದ್ದೇಶಿಸಿದ್ದು. ಜಾಹೀರಾತಿನ ಭಾಷೆಯನ್ನು ತರಗತಿಯಲ್ಲಿ ಬಿಡಿಸಿ ನೋಡುವ ಅಭ್ಯಾಸ ಅದರಿಂದ ಹರಡಿತು. ಲೀವಿಸರ ಶಿಷ್ಯರು ವ್ಯಾಕರಣ ಶಾಲೆಗಳಲ್ಲಿ, ಅಂದರೆ ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳ ಪ್ರೌಢಶಾಲೆಗಳಲ್ಲಿ ಅಧ್ಯಾಪಕರಾಗಿ ಸೇರಿ, ಸಿಕ್ಸ್ತ್ ಫಾರ್ಮಿನ ಚಿಕ್ಕ ತರಗತಿಗಳನ್ನು ವಾಗ್ವಾದದ ಕೂಟಗಳನ್ನಾಗಿಸಿದರು. 1948ರಲ್ಲಿ ಲೀವಿಸ್ ಎತ್ತಿಹಿಡಿದ ಆಸ್ಟೆನ್, ಜಾರ್ಜ್ ಎಲಿಯಟ್, ಹೆನ್ರಿ ಜೇಮ್ಸ್, ಕಾನ್ರಾಡ್ ಇವರ ಪರಂಪರೆ ಪಠ್ಯಗಳ ಆಯ್ಕೆಯ ಮೇಲೂ ಪ್ರಭಾವ ಬೀರಿತು. ಈ ಗಾಳಿ ಮೈಸೂರಿಗೆ ಬೀಸಲು ತಡವಾಗಲಿಲ್ಲ. 1940ರ ದಶಕದ ಕೊನೆಯಲ್ಲಿ ಕೇಂಬ್ರಿಜ್‌ನಲ್ಲಿ ಲೀವಿಸರ ಬಳಿ ಓದಿದ ಸಿ. ಡಿ. ನರಸಿಂಹಯ್ಯ ಮಹಾರಾಜ ಕಾಲೇಜಿಗೆ ಮರಳಿ, 1952ರಲ್ಲಿ ‘ಲಿಟರರಿ ಕ್ರೈಟೀರಿಯನ್’ ಪತ್ರಿಕೆಯನ್ನು ಆರಂಭಿಸಿದರು. ಅವರ ತರಗತಿಗಳಲ್ಲಿ ಕೂತವರಲ್ಲಿ ಯು. ಆರ್. ಅನಂತಮೂರ್ತಿ ಒಬ್ಬರು. ನವ್ಯರ ಕಾಲದಲ್ಲಿ ‘ಕೃತಿನಿಷ್ಠ ವಿಮರ್ಶೆ’ ಎಂದು ಕನ್ನಡದಲ್ಲಿ ಹೆಸರಾದದ್ದಕ್ಕೂ ಇಂಗ್ಲೆಂಡಿನ ಹದಿನೇಳರ ಹುಡುಗ ಹುಡುಗಿಯರು ಅದೇ ವರ್ಷಗಳಲ್ಲಿ ಬರೆಯುತ್ತಿದ್ದ ಅನ್‌ಸೀನ್ ಉತ್ತರಗಳಿಗೂ ಮೂಲದಲ್ಲಿ ಒಂದೇ ಬೇರು.

1951ರಲ್ಲಿ ಹೈಯರ್ ಸ್ಕೂಲ್ ಸರ್ಟಿಫಿಕೇಟಿನ ಜಾಗಕ್ಕೆ ಎ ಲೆವೆಲ್ ಬಂದಿತು. ಹಳೆಯದರಲ್ಲಿ ವಿಷಯಗಳ ಗುಂಪನ್ನು ಒಟ್ಟಾಗಿ ಪಾಸು ಮಾಡಬೇಕಿತ್ತು. ಹೊಸದರಲ್ಲಿ ಒಂದೊಂದು ವಿಷಯವನ್ನೂ ಬಿಡಿಯಾಗಿ ತೆಗೆದುಕೊಳ್ಳಬಹುದು. ಇಂಗ್ಲಿಷ್ ಇತರ ವಿಷಯಗಳ ನೆರಳಿನಿಂದ ಹೊರಬಂದು ತನ್ನ ಕಾಲ ಮೇಲೆ ನಿಂತದ್ದು ಹೀಗೆ. 1944ರ ಶಿಕ್ಷಣ ಕಾಯಿದೆ ಪ್ರೌಢಶಿಕ್ಷಣವನ್ನು ಉಚಿತಗೊಳಿಸಿದ್ದರಿಂದ ಗಣಿ ಕಾರ್ಮಿಕರ, ಗುಮಾಸ್ತರ ಮಕ್ಕಳೂ ಚಾಸರನ ಕಾವ್ಯವನ್ನು ಅವನ ಕಾಲದ ಇಂಗ್ಲಿಷಿನಲ್ಲೇ ಓದುವಂತಾಯಿತು. 1959ರ ಕ್ರೌಥರ್ ವರದಿ, ಕೆಲವೇ ವಿಷಯಗಳಲ್ಲಿ ಆಳವಾಗಿ ಮುಳುಗುವುದೇ ಸಿಕ್ಸ್ತ್ ಫಾರ್ಮಿನ ಲಕ್ಷಣವೆಂದು ಸಮರ್ಥಿಸಿತು. 1966ರಲ್ಲಿ ಲೂಟನ್‌ನಲ್ಲಿ ಈ ಎರಡು ವರ್ಷಗಳಿಗಾಗಿಯೇ ಪ್ರತ್ಯೇಕ ಕಾಲೇಜು ತೆರೆದ ಮೇಲೆ ಅಂಥ ಸಂಸ್ಥೆಗಳು ಬೇರೆ ಊರುಗಳಲ್ಲೂ ಹರಡಿದವು. ಆದರೆ ಪರೀಕ್ಷೆಯ ಸ್ವರೂಪ ಬಹುಕಾಲ ಅಲುಗಲಿಲ್ಲ. ಮೂರು ಗಂಟೆಯಲ್ಲಿ, ಕೈಯಲ್ಲಿ ಪುಸ್ತಕವಿಲ್ಲದೆ, ನೂರಾರು ಸಾಲುಗಳನ್ನು ನೆನಪಿನಿಂದ ಉದ್ಧರಿಸುತ್ತ ಪ್ರಬಂಧಗಳನ್ನು ಬರೆಯಬೇಕಿತ್ತು. 1963ರ ಮಾರ್ಗಸೂಚಿಯಂತೆ ಪರೀಕ್ಷೆಗೆ ಕೂತವರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಮಾತ್ರ ‘ಎ’ ಶ್ರೇಣಿ ಸಲ್ಲುತ್ತಿತ್ತು. ಒಳ್ಳೆಯ ಓದೆಂದರೆ ಏನು ಎಂಬುದಕ್ಕಿಂತ ಇತರರಿಗಿಂತ ಒಳ್ಳೆಯ ಓದು ಯಾವುದು ಎಂಬುದೇ ಆಗ ಅಳತೆಗೋಲಾಗಿತ್ತು. ಇದರಿಂದ ಬೇಸತ್ತ ಅಧ್ಯಾಪಕರ ಒತ್ತಾಸೆಯಿಂದ 1970ರ ದಶಕದಲ್ಲಿ ಅಸೋಸಿಯೇಟೆಡ್ ಎಕ್ಸಾಮಿನಿಂಗ್ ಬೋರ್ಡ್ ಎಂಬ ಪರೀಕ್ಷಾ ಮಂಡಲಿ ಒಂದು ಪರ್ಯಾಯ ಪಠ್ಯಕ್ರಮವನ್ನು ರೂಪಿಸಿ, ಪಠ್ಯವನ್ನು ಪರೀಕ್ಷೆಗೆ ಒಯ್ಯಲು ಬಿಟ್ಟಿತು, ವರ್ಷದುದ್ದಕ್ಕೂ ಬರೆದ ಪ್ರಬಂಧಗಳಿಗೂ ಅಂಕ ಕೊಟ್ಟಿತು. 1990ರ ದಶಕದ ಆರಂಭದಲ್ಲಿ ಸರ್ಕಾರ ಇಂಥ ಅಂಕಗಳಿಗೆ ಮಿತಿ ಹಾಕಿದ್ದು ಹಲವು ಅಧ್ಯಾಪಕರಿಗೆ ಸಹಜವಾಗಿಯೇ ನೋವು ತಂದಿತು, ಏಕೆಂದರೆ ಬರೆದು ಅಳಿಸಿ ಮತ್ತೆ ಬರೆಯುವ ನಿಧಾನದಲ್ಲಿ ಬೆಳೆಯುವ ಆಲೋಚನೆಗೆ ಗಂಟೆ ಬಾರಿಸುವ ಕೊಠಡಿಯಲ್ಲಿ ಜಾಗ ಕಡಿಮೆ.

ಈ ಎಲ್ಲ ದಶಕಗಳಲ್ಲಿ ‘ಇಂಗ್ಲಿಷ್ ಎ ಲೆವೆಲ್’ ಎಂದರೆ ಸಾಹಿತ್ಯವೇ. ಭಾಷೆ ಮರಳಿ ಬಂದದ್ದು 1980ರ ದಶಕದಲ್ಲಿ, ಆದರೆ ನೇಪಿಯರ್ ಕಾಲದ ಪದವ್ಯುತ್ಪತ್ತಿಯ ವೇಷದಲ್ಲಲ್ಲ. ರ‍್ಯಾಂಡಲ್ಫ್ ಕ್ವರ್ಕ್ 1959ರಲ್ಲಿ ಆರಂಭಿಸಿದ ಇಂಗ್ಲಿಷ್ ಬಳಕೆಯ ಸಮೀಕ್ಷೆ, ಜನ ನಿಜವಾಗಿ ಆಡುವ ಮಾತನ್ನು ಧ್ವನಿಮುದ್ರಿಸಿ ಅದರಿಂದ ವ್ಯಾಕರಣ ಕಟ್ಟುವ ದಾರಿ ತೋರಿತ್ತು; ಎಂ. ಎ. ಕೆ. ಹ್ಯಾಲಿಡೇ ನೇತೃತ್ವದ ಯೋಜನೆಯೊಂದು ಭಾಷಾವಿಜ್ಞಾನವನ್ನು ಶಾಲೆಯ ಅಧ್ಯಾಪಕರ ಬಳಿಗೆ ಒಯ್ದಿತ್ತು; ಪೀಟರ್ ಟ್ರಡ್ಗಿಲ್ 1974ರಲ್ಲಿ ನಾರಿಚ್ ಪಟ್ಟಣದ ಉಚ್ಚಾರಣೆಗೂ ವರ್ಗಕ್ಕೂ ಇರುವ ಸಂಬಂಧವನ್ನು ಅಂಕಿಅಂಶಗಳಿಂದ ನಿರೂಪಿಸಿದ್ದರು. ಇವುಗಳ ಫಲವಾಗಿ ಲಂಡನ್ ಮಂಡಲಿಯೂ ಉತ್ತರದ ಜಾಯಿಂಟ್ ಮೆಟ್ರಿಕ್ಯುಲೇಷನ್ ಬೋರ್ಡೂ ‘ಇಂಗ್ಲಿಷ್ ಭಾಷೆ’ ಎಂಬ ಹೊಸ ಎ ಲೆವೆಲ್ ವಿಷಯವನ್ನು ಬೆಳೆಸಿದವು. ಅಲ್ಲಿ ಪಠ್ಯವೆಂದರೆ ನಾಟಕವೋ ಕಾದಂಬರಿಯೋ ಆಗಬೇಕಿಲ್ಲ: ಎರಡು ವರ್ಷದ ಮಗು ತಾಯಿಯೊಡನೆ ಆಡಿದ ಮಾತಿನ ಲಿಪ್ಯಂತರ, ಹಳೆಯ ಅಡುಗೆ ಪುಸ್ತಕದ ಒಂದು ಪುಟ, ರೇಡಿಯೋ ಸಂದರ್ಶನ ಎಲ್ಲವೂ ಅಧ್ಯಯನಕ್ಕೆ ಅರ್ಹ. ಯಾವ ಆಡುನುಡಿಯೂ ತಪ್ಪಲ್ಲ, ಪ್ರತಿಯೊಂದಕ್ಕೂ ತನ್ನದೇ ನಿಯಮವಿದೆ ಎಂಬ ತಿಳಿವಳಿಕೆಯಿಂದ ಈ ಪಾಠ ಶುರುವಾಗುತ್ತದೆ. ಧಾರವಾಡದ, ಕುಂದಾಪುರದ, ಚಾಮರಾಜನಗರದ ಮಾತನ್ನು ತರಗತಿಯಲ್ಲಿ ತಿದ್ದಿಸಿಕೊಂಡ ಮಕ್ಕಳ ನೆನಪಿರುವ ಕನ್ನಡ ಓದುಗರಿಗೆ ಇದರ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳು ತಾವೇ ಮಾತಿನ ದಾಖಲೆಗಳನ್ನು ಕಲೆಹಾಕಿ ಸುಮಾರು 2000 ಪದಗಳ ಶೋಧವರದಿ ಬರೆಯುವ ಪದ್ಧತಿ ಈ ವಿಷಯದ ಹೆಗ್ಗಳಿಕೆ. ಅಜ್ಜಿಯ ಪಂಜಾಬಿ ಮಿಶ್ರಿತ ಇಂಗ್ಲಿಷ್, ಗೆಳೆಯರ ಫೋನ್ ಸಂದೇಶಗಳು ಇವೂ ಅಲ್ಲಿ ಆಕರ ಸಾಮಗ್ರಿಯಾಗಬಲ್ಲವು. ಮೂರನೆಯ ಕವಲಾದ ಭಾಷೆ-ಸಾಹಿತ್ಯ, ಭಾಷಾವಿಜ್ಞಾನದ ಸಲಕರಣೆಗಳಿಂದ ಸಾಹಿತ್ಯಕೃತಿಯನ್ನೂ ಸಾಹಿತ್ಯವಲ್ಲದ ಬರೆಹವನ್ನೂ ಅಕ್ಕಪಕ್ಕ ಇಟ್ಟು ನೋಡುವ ‘ಶೈಲಿಶಾಸ್ತ್ರ’ದ ಮೇಲೆ ನಿಂತಿದೆ.

2000ದ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಸುಧಾರಣೆ ಎ ಲೆವೆಲನ್ನು ಎರಡು ಹಂತಗಳಾಗಿ, ಹಲವು ಘಟಕಗಳಾಗಿ ಒಡೆಯಿತು. ಜೊತೆಗೆ ಉತ್ತರಪತ್ರಿಕೆಯನ್ನು ‘ಮೌಲ್ಯಮಾಪನ ಉದ್ದೇಶ’ಗಳೆಂಬ ಅಂಶಗಳಾಗಿ ಬಿಡಿಸಿ ಅಂಕ ಹಂಚುವ ಕ್ರಮ ಬಲವಾಯಿತು. ವಾದದ ಸ್ಪಷ್ಟತೆಗೆ ಇಷ್ಟು, ಬರೆಹದ ಕುಸುರಿನ ವಿಶ್ಲೇಷಣೆಗೆ ಇಷ್ಟು, ಕೃತಿಯ ಕಾಲಸಂದರ್ಭಕ್ಕೆ ಇಷ್ಟು, ಬೇರೆ ಕೃತಿಗಳೊಡನೆ ಹೋಲಿಕೆಗೆ ಇಷ್ಟು, ಬೇರೆ ವಿಮರ್ಶಕರ ಓದುಗಳ ಅರಿವಿಗೆ ಇಷ್ಟು ಎಂಬ ಲೆಕ್ಕ ನ್ಯಾಯವನ್ನು ಹೆಚ್ಚಿಸಿತು, ಆದರೆ ಕವಿತೆಯನ್ನು ಇಡಿಯಾಗಿ ಕಾಣುವ ಕಣ್ಣನ್ನು ಕೊಂಚ ಮಂಕು ಮಾಡಿತು. 2015ರಿಂದ ಬೋಧನೆ ಆರಂಭವಾಗಿ 2017ರಲ್ಲಿ ಮೊದಲ ಪರೀಕ್ಷೆ ನಡೆದ ಈಗಿನ ಪದ್ಧತಿಯಲ್ಲಿ ಘಟಕಗಳು ಹೋಗಿ ಎರಡು ವರ್ಷಗಳ ಕೊನೆಯ ಒಂದೇ ಪರೀಕ್ಷೆ ಮರಳಿದೆ. ಸಾಹಿತ್ಯದ ವಿದ್ಯಾರ್ಥಿ ಕನಿಷ್ಠ ಎಂಟು ಕೃತಿಗಳನ್ನು ಓದಬೇಕು, ಅವುಗಳಲ್ಲಿ ಷೇಕ್ಸ್‌ಪಿಯರನದೊಂದು ಸೇರಿ ಮೂರು 1900ಕ್ಕಿಂತ ಹಿಂದಿನವು, ಕಡೆಯ ಪಕ್ಷ ಒಂದು 2000ದ ನಂತರದ್ದು, ಶೇ. 20ರಷ್ಟು ಅಂಕ ಪರೀಕ್ಷೆಯ ಹೊರಗೆ ಬರೆದ ಪ್ರಬಂಧಕ್ಕೆ ಮೀಸಲು. ಅನ್‌ಸೀನ್ ಇನ್ನೂ ತನ್ನ ಜಾಗದಲ್ಲಿದೆ. 1945ರ ನಂತರದ ಸಾಹಿತ್ಯವನ್ನು ಆರಿಸಿಕೊಳ್ಳುವವರಿಗೆ ಒಂದು ಮಂಡಲಿ ಸೂಚಿಸಿರುವ ಕಾದಂಬರಿಗಳಲ್ಲಿ ಅರುಂಧತಿ ರಾಯ್ ಅವರ ‘ದ ಗಾಡ್ ಆಫ್ ಸ್ಮಾಲ್ ಥಿಂಗ್ಸ್’ ಸಹ ಇದೆ. ಕೇರಳದ ಅಯ್ಮನಂ ಸೀಮೆಯ ಹೊಳೆ, ಉಪ್ಪಿನಕಾಯಿಯ ಕಾರ್ಖಾನೆ, ಜಾತಿಯ ಗೋಡೆ ಇವುಗಳನ್ನೂ, ಅನುವಾದವಾಗದೆ ಹಾಗೆಯೇ ಉಳಿದಿರುವ ಮಲಯಾಳದ ಮಾತುಗಳನ್ನೂ ಯಾರ್ಕ್‌ಷೈರಿನ ಒಬ್ಬ ಅಧ್ಯಾಪಕಿ ಇಂದು ತನ್ನ ತರಗತಿಗೆ ಬಿಡಿಸಿ ಹೇಳಬೇಕಾಗುತ್ತದೆ, ಒಂದು ಕಾಲಕ್ಕೆ ಮೈಸೂರಿನ ಅಧ್ಯಾಪಕರು ವೆರಿಟಿಯ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಇಂಗ್ಲೆಂಡಿನ ಹೂವು, ಹಕ್ಕಿ, ಋತುಗಳನ್ನು ತಮ್ಮ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುತ್ತಿದ್ದಂತೆ.